ರಕ್ತಕ್ಕೆ ಹೆಪ್ಪು ಹಾಕುವವರು ಯಾರು?

ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಕರೆತಂದಾಗ ಮೊದಲು ನಡೆಯುವ ಪರೀಕ್ಷೆಗಳಲ್ಲಿ ಒಂದನ್ನು ನೋಡಿದರೆ, ಇಷ್ಟೇನಾ ಅನಿಸುತ್ತದೆ. ರೋಗಿಯ ಕೈಯಿಂದ 2 ಮಿಲಿ ರಕ್ತ ತೆಗೆಯುತ್ತಾರೆ. ಚೊಕ್ಕವಾದ, ಒಣಗಿದ ಗಾಜಿನ ಕೊಳವೆಗೆ ಹಾಕುತ್ತಾರೆ. ಅಲುಗಾಡಿಸದೆ 20 ನಿಮಿಷ ಹಾಗೇ ಬಿಡುತ್ತಾರೆ. ಆಮೇಲೆ ಒಂದೇ ಒಂದು ಸಲ ವಾಲಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡಿದ್ದರೆ ಒಂದು ಮಟ್ಟಿಗೆ ಸಮಾಧಾನ. ನೀರಿನ ಹಾಗೆ ಹರಿದರೆ ಕಚ್ಚಿದ್ದು ಮಂಡಲದ ಹಾವೇ ಇರಬೇಕು. ತಡಮಾಡದೆ ಆ್ಯಂಟಿವೆನಮ್ ಏರಿಸಬೇಕು.

ಯಂತ್ರ ಬೇಡ, ಕರೆಂಟ್ ಬೇಡ. ಆದರೆ ಒಂದು ಷರತ್ತಿದೆ. ಕೊಳವೆ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ ನಡೆಯಲ್ಲ. ಸೋಪಿನ ಪುಡಿ ಹಾಕಿ ತೊಳೆದ ಗಾಜೂ ನಡೆಯಲ್ಲ. ಗಾಜಿಗೂ ರಕ್ತಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಉತ್ತರದಲ್ಲಿ ಒಬ್ಬ ರೈಲ್ವೆ ಕೆಲಸಗಾರನ ಕಥೆ ಇದೆ.

ಮೊದಲು ಮಾತಿನ ವಿಷಯ. ಕನ್ನಡದಲ್ಲಿ ನಾವು ರಕ್ತ ಹೆಪ್ಪುಗಟ್ಟಿತು ಅನ್ನುತ್ತೇವೆ. ಅಡುಗೆಮನೆಯ ಮಾತು ಇದು. ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆ ಹೊತ್ತಿಗೆ ಗಟ್ಟಿ ಮೊಸರು. ಎರಡೂ ಕಡೆ ನಡೆಯುವುದು ಹೆಚ್ಚುಕಡಿಮೆ ಒಂದೇ ಥರದ ಕೆಲಸ: ನೀರಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತದೆ, ನೀರು ಆ ಬಲೆಯೊಳಗೆ ಸಿಕ್ಕಿಬೀಳುತ್ತದೆ. ವ್ಯತ್ಯಾಸ ಇರುವುದು ಹೆಪ್ಪಿನಲ್ಲಿ. ಹಾಲಿಗೆ ಹೆಪ್ಪು ಹೊರಗಿನಿಂದ ಬರಬೇಕು. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ಕೇಳಿ ತರುತ್ತೇವೆ. ರಕ್ತಕ್ಕೆ ಬೇಕಾದ ಹೆಪ್ಪು ಅದರಲ್ಲೇ ಬೆರೆತಿದೆ. ಪ್ರತಿ ಹನಿಯಲ್ಲೂ ಇದೆ, ಆದರೆ ನಿದ್ದೆ ಮಾಡುತ್ತಿದೆ.

ಹೆಪ್ಪು ಹಾಕಿಟ್ಟ ಹಾಲನ್ನು ಐದು ಲೀಟರ್ ಮೈಯಲ್ಲಿ ಹೊತ್ತುಕೊಂಡು ನಾವು ದಿನವಿಡೀ ಓಡಾಡುತ್ತೇವೆ. ಅದು ಮೊಸರಾಗುವುದಿಲ್ಲ. ಬೆರಳು ಕೊಯ್ದ ಕೂಡಲೇ, ಕೊಯ್ದ ಜಾಗದಲ್ಲಿ ಮಾತ್ರ ಆಗುತ್ತದೆ. ನನಗೆ ಸೋಜಿಗ ಅನಿಸುವುದು ಇದೇ.

ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿರಿ ಅಂತಿಟ್ಟುಕೊಳ್ಳಿ. ಮೊದಲು ಕತ್ತರಿಸಿಹೋದ ರಕ್ತನಾಳ ತಾನಾಗಿ ಮುದುಡಿಕೊಳ್ಳುತ್ತದೆ. ಇದು ಸೆಕೆಂಡುಗಳ ಕೆಲಸ. ಸೋರಿಕೆ ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ.

ರಕ್ತನಾಳದ ಒಳಗೋಡೆಗೆ ನುಣುಪಾದ ಕೋಶಗಳ ಒಂದು ಪದರ ಇದೆ. ರಕ್ತ ಯಾವಾಗಲೂ ಆ ಪದರವನ್ನಷ್ಟೇ ಮುಟ್ಟುತ್ತಾ ಹರಿಯುತ್ತದೆ. ಪದರ ಹರಿದಾಗ ಅದರ ಹಿಂದಿರುವ ಕೊಲಾಜನ್ ಎಂಬ ನಾರು ಬಯಲಾಗುತ್ತದೆ. ರಕ್ತದಲ್ಲಿ ತೇಲುತ್ತಿರುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನ್ ಹೋಗಿ ಆ ನಾರಿಗೆ ಅಂಟಿಕೊಳ್ಳುತ್ತದೆ. ರಭಸದಲ್ಲಿ ಹೋಗುತ್ತಿರುವ ಪ್ಲೇಟ್ಲೆಟ್‌ಗಳನ್ನು ಹಿಡಿದು ನಿಲ್ಲಿಸುವುದು ಇದರ ಕೆಲಸ, ಹೊಳೆಗೆ ಅಡ್ಡ ಕಟ್ಟಿದ ಹಗ್ಗದ ಹಾಗೆ.

ಪ್ಲೇಟ್ಲೆಟ್ ಅಂದರೆ ಈಗ ಯಾರಿಗೂ ಹೇಳಿಕೊಡಬೇಕಿಲ್ಲ. ಡೆಂಗಿ ಬಂದ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ: "ಇವತ್ತು ಕೌಂಟ್ ಎಷ್ಟು?" ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇದ್ದರೆ ಸರಿ. ಅಂದರೆ ಒಂದೇ ಒಂದು ಹನಿಯಲ್ಲಿ ಕೋಟಿಯ ಲೆಕ್ಕ. ಇವು ಪೂರ್ತಿ ಕೋಶಗಳೂ ಅಲ್ಲ. ಮೂಳೆಯ ಮಜ್ಜೆಯಲ್ಲಿರುವ ದೈತ್ಯ ಕೋಶಗಳಿಂದ ಕಳಚಿಬಿದ್ದ ಚೂರುಗಳು. ನ್ಯೂಕ್ಲಿಯಸ್ ಇಲ್ಲ, ಆಯಸ್ಸು ಏಳೆಂಟು ದಿನ, ಜಾಸ್ತಿ ಅಂದರೆ ಹತ್ತು. ಕೆಲಸವಿಲ್ಲದಾಗ ನಯವಾದ ಪುಟ್ಟ ಬಿಲ್ಲೆಗಳು. ಕೊಲಾಜನ್ ತಗುಲಿದ ಕೂಡಲೇ ಮೈಯೆಲ್ಲ ಕೈಕಾಲು ಚಾಚಿ ಜೇಡದ ಥರ ಆಗುತ್ತವೆ. ಒಳಗಿದ್ದ ರಾಸಾಯನಿಕಗಳನ್ನು ಹೊರಗೆ ಚೆಲ್ಲಿ ಉಳಿದವರನ್ನೂ ಕರೆಯುತ್ತವೆ. ಒಂದರ ಮೇಲೊಂದು ಬಿದ್ದು ಬಿರಡೆ ಹಾಕಿದ ಹಾಗೆ ಆಗುತ್ತದೆ.

ಹೀಗೆ ಕರೆಯುವ ರಾಸಾಯನಿಕಗಳಲ್ಲಿ ಒಂದನ್ನು ಆಸ್ಪಿರಿನ್ ತಡೆಯುತ್ತದೆ. ನ್ಯೂಕ್ಲಿಯಸ್ ಇಲ್ಲದ ಕಾರಣ ಪ್ಲೇಟ್ಲೆಟ್‌ಗೆ ಹಾಳಾದ ಸಾಮಾನನ್ನು ಹೊಸದಾಗಿ ಮಾಡಿಕೊಳ್ಳಲು ಬರುವುದಿಲ್ಲ. ಒಮ್ಮೆ ಆಸ್ಪಿರಿನ್ ತಾಗಿದರೆ ಸಾಯುವ ತನಕ ಅಷ್ಟೇ. ಮಾತ್ರೆಯ ಪ್ರಭಾವ ವಾರಕ್ಕೂ ಮೀರಿ ಉಳಿಯುವುದು, ಆಪರೇಶನ್‌ಗೆ ಮೊದಲು ಡಾಕ್ಟರು "ಆಸ್ಪಿರಿನ್ ತಗೋತೀರಾ" ಅಂತ ಕೇಳುವುದು ಇದಕ್ಕೇ.

ಡೆಂಗಿಯ ಮಾತು ಬಂದಿದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ. ಕೌಂಟ್ ಇಳಿದದ್ದನ್ನು ನೋಡಿ ಮನೆಯವರು ಪ್ಲೇಟ್ಲೆಟ್ ಚೀಲಕ್ಕಾಗಿ ಊರೆಲ್ಲ ಓಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ, ಕೌಂಟ್ 10 ಸಾವಿರಕ್ಕಿಂತ ಕೆಳಗೆ ಹೋಗುವ ತನಕ ಸಾಮಾನ್ಯವಾಗಿ ಹೊರಗಿನಿಂದ ಕೊಡುವ ಅಗತ್ಯ ಬೀಳುವುದಿಲ್ಲ. ಡೆಂಗಿಯಲ್ಲಿ ಹೆಚ್ಚು ಭಯಪಡಬೇಕಾದದ್ದು ಜ್ವರ ಇಳಿಯುವ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರಿಹೋಗುವುದಕ್ಕೆ. ಕೌಂಟ್ ಅನ್ನುವ ಒಂದು ಅಂಕಿ ಆ ಭಯವನ್ನೆಲ್ಲ ನುಂಗಿಹಾಕಿದೆ.

ಬೆರಳಿಗೆ ವಾಪಸ್ ಬರೋಣ. ಪ್ಲೇಟ್ಲೆಟ್ ಬಿರಡೆ ಬಿದ್ದಿದೆ, ಆದರೆ ಅದು ಸಡಿಲ. ಗಾರೆ ಹಾಕದ ಇಟ್ಟಿಗೆ ಗೋಡೆ ಇದ್ದ ಹಾಗೆ. ಗಾರೆ ಆಗುವುದು ಫೈಬ್ರಿನ್. ಇದರ ಕಚ್ಚಾಮಾಲು ಫೈಬ್ರಿನೋಜನ್, ಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬಿಟ್ಟರೆ ಉಳಿಯುವ ರಕ್ತದ ದ್ರವದಲ್ಲಿ, 2ರಿಂದ 4 ಗ್ರಾಂ ಕರಗಿಕೊಂಡಿರುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಬಂದು ಪ್ರತಿ ಫೈಬ್ರಿನೋಜನ್ ಅಣುವಿನಿಂದ ನಾಲ್ಕು ಪುಟ್ಟ ತುಂಡುಗಳನ್ನು ಕತ್ತರಿಸಿಹಾಕುತ್ತದೆ. ಆ ತುಂಡುಗಳು ಅಲ್ಲಿಯವರೆಗೆ ಮುಚ್ಚಳದ ಹಾಗೆ ಕೂತಿದ್ದವು. ಮುಚ್ಚಳ ಹಾರಿದ ಮೇಲೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದಾರವಾಗುತ್ತವೆ, ದಾರಗಳು ಬಲೆಯಾಗುತ್ತವೆ. ಹದಿಮೂರನೇ ಫ್ಯಾಕ್ಟರ್ (ಹೆಪ್ಪುಗಟ್ಟಲು ನೆರವಾಗುವ ವಸ್ತುಗಳಿಗೆ ಫ್ಯಾಕ್ಟರ್ ಅಂತ ಹೆಸರು) ಬಂದು ಬಲೆಗೆ ಗಟ್ಟಿ ಹೊಲಿಗೆ ಹಾಕುತ್ತದೆ. ಕೆಂಪು ಕಣಗಳು ಸುಮ್ನೆ ಸಿಕ್ಕಿಬಿದ್ದವು, ಅಷ್ಟೇ. ನಮಗೆ ಹೆಪ್ಪು ಕೆಂಪಗೆ ಕಾಣುವುದು ಅವುಗಳಿಂದ.

ಆಮೇಲೆ ಪ್ಲೇಟ್ಲೆಟ್‌ಗಳು ಬಲೆಯನ್ನು ಒಳಕ್ಕೆ ಎಳೆದು ಬಿಗಿಮಾಡುತ್ತವೆ. ಆಗ ತಿಳಿಹಳದಿ ನೀರು ಹೊರಗೆ ಬರುತ್ತದೆ. ಮೊಸರಿನ ಮೇಲೆ ತಿಳಿ ನಿಂತ ಹಾಗೆಯೇ. ಲ್ಯಾಬಿನವರು ಸೀರಮ್ ಅನ್ನುವುದು ಇದನ್ನೇ.

ಹಾಗಾದರೆ ಥ್ರಾಂಬಿನ್ ಎಲ್ಲಿಂದ ಬಂತು? ಇಲ್ಲಿ ಪಠ್ಯಪುಸ್ತಕಗಳು ಓದುಗರನ್ನು ಹೆದರಿಸಿಬಿಡುತ್ತವೆ. ಒಂದರಿಂದ ಹದಿಮೂರರವರೆಗೆ ರೋಮನ್ ಅಂಕಿಯ ಫ್ಯಾಕ್ಟರ್‌ಗಳು. ಆರನೆಯದು ಇಲ್ಲವೇ ಇಲ್ಲ. ಇದೆ ಅಂದುಕೊಂಡಿದ್ದರು, ಅದು ಐದನೆಯದರದ್ದೇ ಇನ್ನೊಂದು ರೂಪ ಅಂತ ಆಮೇಲೆ ಗೊತ್ತಾಯಿತು. ನಾಲ್ಕನೆಯದು ಕ್ಯಾಲ್ಸಿಯಂ. ಅಂಕಿ ಕೊಟ್ಟಿದ್ದು ಕಂಡುಹಿಡಿದ ಕ್ರಮದಲ್ಲಿ, ಕೆಲಸ ಮಾಡುವ ಕ್ರಮದಲ್ಲಿ ಅಲ್ಲ. ಹಾಗಾಗಿ ಬಾಯಿಪಾಠ ಮಾಡಿದರೂ ಏನೂ ಅರ್ಥ ಆಗುವುದಿಲ್ಲ.

ಸರಳವಾಗಿ ಹೇಳುವುದಾದರೆ ಹೀಗೆ. ರಕ್ತನಾಳದ ಹೊರಗಿನ ಕೋಶಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಇರುತ್ತದೆ. ರಕ್ತ ಅದನ್ನು ಮಾಮೂಲಾಗಿ ನೋಡುವುದೇ ಇಲ್ಲ. ನಾಳ ಹರಿದಾಗ ಇಬ್ಬರ ಭೇಟಿಯಾಗುತ್ತದೆ. ರಕ್ತದ ಏಳನೇ ಫ್ಯಾಕ್ಟರ್ ಅದಕ್ಕೆ ಅಂಟಿ, ಹತ್ತನೆಯದನ್ನು ಎಬ್ಬಿಸುತ್ತದೆ. ಹತ್ತನೆಯದು ಪ್ರೋಥ್ರಾಂಬಿನ್ ಅನ್ನು ಕತ್ತರಿಸಿ ಥ್ರಾಂಬಿನ್ ಮಾಡುತ್ತದೆ. ಮೊದಲಿಗೆ ಬರುವುದು ಚಿಟಿಕೆಯಷ್ಟು ಥ್ರಾಂಬಿನ್. ಅದು ಸುಮ್ಮನೆ ಕೂರುವುದಿಲ್ಲ. ಹಿಂದಕ್ಕೆ ಹೋಗಿ ಐದು, ಎಂಟು, ಹನ್ನೊಂದನೆಯವರನ್ನು ಎಬ್ಬಿಸುತ್ತದೆ, ಪ್ಲೇಟ್ಲೆಟ್‌ಗಳನ್ನೂ ಕೆರಳಿಸುತ್ತದೆ. ಎಂಟು ಮತ್ತು ಒಂಬತ್ತು ಸೇರಿ ಇನ್ನಷ್ಟು ಹತ್ತನೆಯವರನ್ನು ಎಬ್ಬಿಸುತ್ತವೆ. ಪ್ಲೇಟ್ಲೆಟ್‌ನ ಮೈಮೇಲೆ ಐದನೆಯದು ಮತ್ತು ಹತ್ತನೆಯದು ಜೊತೆಯಾದರೆ ಥ್ರಾಂಬಿನ್ ತಯಾರಿಕೆ ಸುಮಾರು 3 ಲಕ್ಷ ಪಟ್ಟು ಚುರುಕಾಗುತ್ತದೆ.

1964ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಒಂದು ಕಡೆ, ಅಮೆರಿಕದ ಡೇವಿ ಮತ್ತು ರ‍್ಯಾಟ್ನಾಫ್ ಇನ್ನೊಂದು ಕಡೆ, ಈ ಸರಣಿಯನ್ನು ಜೋಡಿಸಿ ತೋರಿಸಿದರು. ಅಮೆರಿಕದವರು ಕೊಟ್ಟ ಹೋಲಿಕೆ ಜಲಪಾತದ್ದು. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಜಲಪಾತದಲ್ಲಿ ಮೇಲೆ ಎಷ್ಟು ನೀರೋ ಕೆಳಗೂ ಅಷ್ಟೇ. ಇಲ್ಲಿ ಪ್ರತಿ ಮೆಟ್ಟಿಲಲ್ಲೂ ಬೆಳೆಯುತ್ತಾ ಹೋಗುತ್ತದೆ. ಊರಲ್ಲಿ ಸುದ್ದಿ ಹಬ್ಬುವ ರೀತಿ ಇದಕ್ಕೆ ಹೆಚ್ಚು ಹತ್ತಿರ. ಒಬ್ಬರು ಹತ್ತು ಜನಕ್ಕೆ ಹೇಳುತ್ತಾರೆ, ಹತ್ತು ಜನ ನೂರು ಜನಕ್ಕೆ. ಕೊನೆಗೆ ಮೊದಲು ಹೇಳಿದವರ ಕಿವಿಗೇ ಸುದ್ದಿ ವಾಪಸ್ ಬರುತ್ತದೆ, ಮೊದಲಿಗಿಂತ ಜೋರಾಗಿ.

ಇನ್ನು ಗಾಜು. 1950ರ ದಶಕದಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನ್ ಹೇಗ್‌ಮನ್ ಎಂಬ ರೈಲ್ವೆ ಕೆಲಸಗಾರ ಆಪರೇಶನ್‌ಗೆಂದು ಬಂದ. ರಕ್ತ ಪರೀಕ್ಷೆ ಮಾಡಿದರೆ ಗಾಜಿನ ಕೊಳವೆಯಲ್ಲಿ ಅವನ ರಕ್ತ ಎಷ್ಟೋ ಹೊತ್ತು ಹೆಪ್ಪುಗಟ್ಟಲೇ ಇಲ್ಲ. ಆದರೆ ಮನುಷ್ಯನಿಗೆ ಜೀವಮಾನದಲ್ಲಿ ಒಮ್ಮೆಯೂ ಜಾಸ್ತಿ ರಕ್ತ ಹೋದದ್ದಿಲ್ಲ! ಈಗಷ್ಟೇ ಹೆಸರಿಸಿದ ರ‍್ಯಾಟ್ನಾಫ್ ಅವನನ್ನು ಪರೀಕ್ಷಿಸಿ, ಅವನ ರಕ್ತದಲ್ಲಿ ಒಂದು ಪ್ರೋಟೀನ್ ಇಲ್ಲವೆಂದು ತೋರಿಸಿದ. ಇವತ್ತಿಗೂ ಹನ್ನೆರಡನೇ ಫ್ಯಾಕ್ಟರ್‌ಗೆ ಹೇಗ್‌ಮನ್ ಫ್ಯಾಕ್ಟರ್ ಅಂತಲೇ ಹೆಸರು. ಗಾಜಿನ ಮೈಯಲ್ಲಿ ಋಣ ವಿದ್ಯುತ್ ಇರುತ್ತದೆ. ಅದು ತಗುಲಿದರೆ ಹನ್ನೆರಡನೆಯದು ಎಚ್ಚರವಾಗಿ ಸರಣಿಯನ್ನು ಶುರುಮಾಡುತ್ತದೆ. ಮೈಯೊಳಗೆ ಗಾಜಿಲ್ಲವಲ್ಲ, ಅಲ್ಲಿ ಟಿಶ್ಯೂ ಫ್ಯಾಕ್ಟರ್ ಆ ಕೆಲಸ ಮಾಡುತ್ತದೆ. ಹೇಗ್‌ಮನ್‌ಗೆ ಗಾಯ ಮಾಯಲು ಏನೂ ತೊಂದರೆ ಆಗದೆ ಇದ್ದದ್ದು ಈ ಕಾರಣಕ್ಕೆ. 1968ರಲ್ಲಿ ಅವನು ಸತ್ತದ್ದು ಸೊಂಟದ ಮೂಳೆ ಮುರಿದ ಮೇಲೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು. ಕೊಳವೆಯಲ್ಲಿ ಗಟ್ಟಿಯಾಗಲು ಒಲ್ಲೆನೆಂದ ರಕ್ತ ಮೈಯೊಳಗೆ ಗಟ್ಟಿಯಾಯಿತು.

ಪ್ಲಾಸ್ಟಿಕ್ ಕೊಳವೆ ಯಾಕೆ ಬೇಡ ಅಂತ ಈಗ ಗೊತ್ತಾಯಿತಲ್ವಾ? ಹನ್ನೆರಡನೆಯದನ್ನು ಎಬ್ಬಿಸುವ ಶಕ್ತಿ ಅದಕ್ಕೆ ಸಾಲದು. ಸೋಪಿನ ಪುಡಿ ಗಾಜಿನ ಮೈಯನ್ನೂ ಕೆಡಿಸುತ್ತದೆ. ಆಗ ವಿಷವಿಲ್ಲದ ರಕ್ತವೂ ಹರಿಯುತ್ತಲೇ ಇರುತ್ತದೆ, ಬೇಡದವರಿಗೂ ಮದ್ದು ಬೀಳುತ್ತದೆ.

ಕೊಳಕುಮಂಡಲದ ವಿಷ ಮಾಡುವ ಕೆಲಸ ವಿಚಿತ್ರ. ರಕ್ತ ಹೆಪ್ಪುಗಟ್ಟದಂತೆ ಅದು ನೇರವಾಗಿ ತಡೆಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಡೆಯುವುದು ತಿರುಗಾಮುರುಗಾ. ವಿಷ ಹತ್ತನೇ ಮತ್ತು ಐದನೇ ಫ್ಯಾಕ್ಟರ್‌ಗಳನ್ನು ಮೈಯೆಲ್ಲ ಒಟ್ಟಿಗೇ ಎಬ್ಬಿಸಿಬಿಡುತ್ತದೆ. ಗಾಯವಿಲ್ಲದ ಕಡೆಯೂ ಥ್ರಾಂಬಿನ್ ಹುಟ್ಟುತ್ತದೆ, ಚೂರುಚೂರು ಹೆಪ್ಪು ಆಗುತ್ತದೆ, ಕರಗುತ್ತದೆ. ಸ್ವಲ್ಪ ಹೊತ್ತಿಗೆ ಫೈಬ್ರಿನೋಜನ್ ದಾಸ್ತಾನು ಖಾಲಿ. ಆಮೇಲೆ ವಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುವುದೇ ಇಲ್ಲ. ಆ್ಯಂಟಿವೆನಮ್ ವಿಷವನ್ನು ಕಟ್ಟಿಹಾಕುತ್ತದೆ, ಫೈಬ್ರಿನೋಜನ್ ತಂದುಕೊಡುವುದಿಲ್ಲ. ಅದನ್ನು ಲಿವರ್ ಹೊಸದಾಗಿ ಮಾಡಬೇಕು, ಅದಕ್ಕೆ ಆರು ಗಂಟೆಯಾದರೂ ಹಿಡಿಯುತ್ತದೆ. ಹಾಗಾಗಿ ಗಾಜಿನ ಕೊಳವೆಯ ಪರೀಕ್ಷೆಯನ್ನು ಆರು ಗಂಟೆ ಬಿಟ್ಟು ಮತ್ತೆ ಮಾಡುತ್ತಾರೆ. ನಾಗರ, ಕಟ್ಟುಹಾವುಗಳ ವಿಷ ಮುಖ್ಯವಾಗಿ ನರಗಳ ಮೇಲೆ ಬೀಳುವಂಥದ್ದು. ಅವು ಕಚ್ಚಿದಾಗ ಈ ಪರೀಕ್ಷೆಯಲ್ಲಿ ರಕ್ತ ಚೆನ್ನಾಗೇ ಹೆಪ್ಪುಗಟ್ಟುತ್ತದೆ. ಅದಕ್ಕೇ ಮೊದಲೇ ಹೇಳಿದೆ, ಒಂದು ಮಟ್ಟಿಗೆ ಮಾತ್ರ ಸಮಾಧಾನ ಅಂತ.

ಇದೇ ವಿಷವನ್ನು 1934ರಲ್ಲಿ ಲಂಡನ್ನಿನಲ್ಲಿ ಮದ್ದಾಗಿ ಬಳಸಿದ್ದರು. ಆಗಿನ್ನೂ ಹುಡುಗನಂತಿದ್ದ ಮ್ಯಾಕ್‌ಫರ್ಲೇನ್, ಅಲ್ಲಿನ ಮೃಗಾಲಯದ ಬಾರ್ನೆಟ್ ಜೊತೆ ಸೇರಿ, ಕೊಳಕುಮಂಡಲದ ವಿಷವನ್ನು ತುಂಬಾ ತೆಳುಮಾಡಿ ಹಿಮೋಫಿಲಿಯಾ ಎಂಬ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯವರ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ. ಹಿಮೋಫಿಲಿಯಾದಲ್ಲಿ ಎಂಟನೆಯದೋ ಒಂಬತ್ತನೆಯದೋ ಇರುವುದಿಲ್ಲ. ವಿಷ ನೇರವಾಗಿ ಹತ್ತನೆಯದನ್ನೇ ಎಬ್ಬಿಸುವುದರಿಂದ ಆ ಇಬ್ಬರ ಹಂಗು ಬೇಕಾಗುವುದಿಲ್ಲ. ಅಂದಹಾಗೆ ಹಿಮೋಫಿಲಿಯಾ ಇದ್ದವರಿಗೆ ಸಣ್ಣಪುಟ್ಟ ಕೊಯ್ತ ಅಷ್ಟು ದೊಡ್ಡ ಸಮಸ್ಯೆಯಲ್ಲ. ಪ್ಲೇಟ್ಲೆಟ್ ಸರಿಯಾಗಿದೆ, ಬಿರಡೆ ಬೀಳುತ್ತದೆ. ಅವರನ್ನು ಹಣ್ಣು ಮಾಡುವುದು ಮಂಡಿ, ಮೊಣಕೈ ಕೀಲುಗಳ ಒಳಗೆ ಸದ್ದಿಲ್ಲದೆ ಆಗುವ ರಕ್ತಸ್ರಾವ. ಪ್ಲೇಟ್ಲೆಟ್ ಕಡಿಮೆಯಾದವರಿಗೆ ಚರ್ಮದ ಮೇಲೆ ಕೆಂಪು ಚುಕ್ಕೆ, ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಎಲ್ಲಿ ರಕ್ತ ಬರುತ್ತಿದೆ ಅನ್ನುವುದರಲ್ಲೇ ಏನು ಕೈಕೊಟ್ಟಿದೆ ಅನ್ನುವ ಸುಳಿವು ಇರುತ್ತದೆ.

ಫ್ಯಾಕ್ಟರ್‌ಗಳಲ್ಲಿ ಬಹುಪಾಲು ಲಿವರಿನಲ್ಲಿ ತಯಾರಾಗುತ್ತವೆ. ಎರಡು, ಏಳು, ಒಂಬತ್ತು, ಹತ್ತು, ಈ ನಾಲ್ಕಕ್ಕೆ ವಿಟಮಿನ್ ಕೆ ಬೇಕೇಬೇಕು. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಕೊಬ್ಬಿಲ್ಲದ ಆಹಾರ ಹಾಕಿ ಸಾಕಿದ ಕೋಳಿಮರಿಗಳಿಗೆ ರಕ್ತಸ್ರಾವ ಆಗುವುದನ್ನು ನೋಡಿ ಇದನ್ನು ಪತ್ತೆಹಚ್ಚಿದ. ಹೆಪ್ಪುಗಟ್ಟುವಿಕೆಗೆ ಅಲ್ಲಿನ ಭಾಷೆಯಲ್ಲಿರುವ ಪದದ ಮೊದಲ ಅಕ್ಷರವೇ ಈ ಕೆ. ಹುಟ್ಟಿದ ಮಗುವಿಗೆ ಮೊದಲ ದಿನವೇ ತೊಡೆಗೆ ಚುಚ್ಚುವ ಸೂಜಿಗಳಲ್ಲಿ ಒಂದು ಇದರದ್ದೇ.

ವಿಟಮಿನ್ ಕೆಗೆ ಅಡ್ಡಬರುವ ಮಾತ್ರೆ ವಾರ್ಫರಿನ್. ಇದರ ಹುಟ್ಟೂ ಹಾಲಿನ ಕ್ಯಾನಿನಲ್ಲೇ ಆಯಿತು. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ರೈತ, ಬೂಸ್ಟು ಹಿಡಿದ ಮೇವು ತಿಂದು ಸಾಯುತ್ತಿದ್ದ ದನಗಳ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಹಿಮಗಾಳಿಯಲ್ಲೇ ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಲ್ಯಾಬಿಗೆ ಬಂದ. ಕ್ಯಾನಿನಲ್ಲಿದ್ದ ರಕ್ತ ಹೆಪ್ಪುಗಟ್ಟಿರಲಿಲ್ಲ. ಮೇವಿನಲ್ಲಿದ್ದ ವಸ್ತುವಿನ ಜಾಡು ಹಿಡಿದು ಲಿಂಕ್ ಮತ್ತು ಸಂಗಡಿಗರು ಮಾಡಿದ್ದು 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಅದೇ ಮದ್ದಾಯಿತು. ಹೃದಯದ ಕವಾಟ ಹಾಕಿಸಿಕೊಂಡವರು ನಮ್ಮಲ್ಲೂ ಅದನ್ನೇ ನುಂಗುತ್ತಾರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ ಅಂತ ಕೇಳಿ ಕೆಲವರು ಸೊಪ್ಪು ತಿನ್ನುವುದನ್ನೇ ಬಿಡುತ್ತಾರೆ. ಬಿಡಬೇಕಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದೀರೋ ಅಷ್ಟನ್ನೇ ಏರುಪೇರಿಲ್ಲದೆ ತಿನ್ನಬೇಕು.

ಇಷ್ಟೆಲ್ಲ ಎಬ್ಬಿಸುವವರು ಇರುವಾಗ ಮಲಗಿಸುವವರೂ ಬೇಕು. ಆರೋಗ್ಯವಾಗಿರುವ ನಾಳದ ಒಳಪದರ ಪ್ಲೇಟ್ಲೆಟ್‌ಗಳನ್ನು ಹತ್ತಿರ ಸೇರಿಸುವುದಿಲ್ಲ. ಆ್ಯಂಟಿಥ್ರಾಂಬಿನ್ ಎಂಬ ಕಾವಲುಗಾರ ದಾರಿ ತಪ್ಪಿ ಬಂದ ಥ್ರಾಂಬಿನ್ ಅನ್ನು ಹಿಡಿದು ಹಾಕುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಹೆಪಾರಿನ್ ಇಂಜೆಕ್ಷನ್ ಚುರುಕು ಮಾಡುವುದು ಈ ಕಾವಲುಗಾರನನ್ನೇ. ಗಾಯದ ಅಂಚು ದಾಟಿ ಬಂದ ಥ್ರಾಂಬಿನ್ ನುಣುಪು ಗೋಡೆಗೆ ತಗುಲಿದರೆ ತನ್ನ ಪಕ್ಷವನ್ನೇ ಬದಲಾಯಿಸಿ, ಪ್ರೋಟೀನ್ ಸಿ ಎಂಬುದನ್ನು ಎಬ್ಬಿಸಿ ಹೆಪ್ಪಿಗೆ ಬ್ರೇಕ್ ಹಾಕುತ್ತದೆ. ಕೆಲಸ ಮುಗಿದ ಬಲೆಯನ್ನು ಪ್ಲಾಸ್ಮಿನ್ ಎಂಬ ಕಿಣ್ವ ಕತ್ತರಿಸುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ ಡಿ-ಡೈಮರ್ ಅಂದರೆ ಹೀಗೆ ಕತ್ತರಿಸಿದ ಬಲೆಯ ಚೂರು. ಹೃದಯಾಘಾತವಾದವರಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಕೊಡುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಈ ಪ್ಲಾಸ್ಮಿನ್ ಅನ್ನು ಬಡಿದೆಬ್ಬಿಸುತ್ತದೆ.

ಮೈಯಲ್ಲಿ ಹರಿಯುವ ಇನ್ನೊಂದು ದ್ರವವಿದೆ, ಅದನ್ನು ಯಾರೂ ಅಷ್ಟಾಗಿ ಮಾತಾಡಿಸುವುದಿಲ್ಲ. ರಕ್ತನಾಳಗಳ ಸಣ್ಣ ಕವಲುಗಳಿಂದ ನೀರಿನಂಶ ಸದಾ ಹೊರಗೆ ಜಿನುಗುತ್ತದೆ. ಅದರಲ್ಲಿ ಒಂದು ಪಾಲು ಬೇರೆಯದೇ ಕೊಳವೆಗಳ ಜಾಲಕ್ಕೆ ಸೇರಿ ದಿನಕ್ಕೆ 2ರಿಂದ 4 ಲೀಟರ್‌ನಷ್ಟು ಹರಿದು, ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಬಂದು ಬೀಳುತ್ತದೆ. ಕನ್ನಡದಲ್ಲಿ ಇದಕ್ಕೆ ದುಗ್ಧರಸ ಅಂತ ಹೆಸರು. ದುಗ್ಧ ಅಂದರೆ ಹಾಲು. ಊಟದ ಕೊಬ್ಬನ್ನು ಹೊತ್ತು ಕರುಳಿನಿಂದ ಬರುವ ದುಗ್ಧರಸ ನಿಜಕ್ಕೂ ಹಾಲಿನ ಹಾಗೇ ಬೆಳ್ಳಗಿರುತ್ತದೆ. 1622ರಲ್ಲಿ ಇಟಲಿಯ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯ ಹೊಟ್ಟೆ ಕೊಯ್ದಾಗ ಈ ಬಿಳಿ ನಾಳಗಳನ್ನು ಕಂಡ. ಉಳಿದ ಕಡೆ ಅದು ತಿಳಿಹಳದಿ.

ಈ ಹಾಲೂ ಹೆಪ್ಪುಗಟ್ಟುತ್ತದೆಯೇ? ಗಟ್ಟುತ್ತದೆ, ಆದರೆ ತಡವಾಗಿ, ಮೆತ್ತಗೆ. ಫೈಬ್ರಿನೋಜನ್ ಇದೆ, ದೊಡ್ಡ ಅಣುವಾದ್ದರಿಂದ ರಕ್ತನಾಳದಿಂದ ಕಡಿಮೆ ಜಿನುಗುತ್ತದೆ, ಹಾಗಾಗಿ ರಕ್ತದಲ್ಲಿರುವಷ್ಟು ಇಲ್ಲ. ಉಳಿದ ಫ್ಯಾಕ್ಟರ್‌ಗಳದ್ದೂ ಅದೇ ಪಾಡು. ಎಲ್ಲಕ್ಕಿಂತ ಮುಖ್ಯವಾಗಿ ಪ್ಲೇಟ್ಲೆಟ್ ಇಲ್ಲ. ತೂತು ಬಿದ್ದರೆ ಬಿರಡೆ ಹಾಕುವವರಿಲ್ಲ, ಫ್ಯಾಕ್ಟರ್‌ಗಳು ಕೂತು ಕೆಲಸ ಮಾಡಲು ಜಗುಲಿಯಿಲ್ಲ, ಬಲೆ ಎಳೆದು ಬಿಗಿಮಾಡುವ ಕೈಗಳಿಲ್ಲ. ಕೆಂಪು ಕಣಗಳೂ ಇಲ್ಲದ್ದರಿಂದ ಹೆಪ್ಪು ಬಿಳಿಚಿಕೊಂಡ ಲೋಳೆಯ ಹಾಗೆ ಕಾಣುತ್ತದೆ. ಇದರಿಂದ ಲಾಭವೂ ಇದೆ. ದುಗ್ಧರಸವನ್ನು ತಳ್ಳಲು ಹೃದಯವಿಲ್ಲ. ನಾಳಗಳ ಹಿಸುಕಾಟ, ಸ್ನಾಯುಗಳ ಒತ್ತಡ, ಹಿಂದಕ್ಕೆ ಹೋಗದಂತೆ ತಡೆಯುವ ಕವಾಟಗಳು, ಇವನ್ನೇ ನಂಬಿ ಅದು ತೆವಳುತ್ತದೆ. ಅಷ್ಟು ನಿಧಾನವಾಗಿ ರಕ್ತ ಹರಿದಿದ್ದರೆ ಕಾಲಿನಲ್ಲಿ ದಿನಕ್ಕೊಂದು ಗಡ್ಡೆ ಕಟ್ಟುತ್ತಿತ್ತೇನೋ.

ನಷ್ಟ ಗೊತ್ತಾಗುವುದು ಆಪರೇಶನ್ ಆದ ಮೇಲೆ. ಸ್ತನ ಕ್ಯಾನ್ಸರಿಗೆ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದವರಿಗೆ ಪಕ್ಕೆಯಲ್ಲಿ ಒಂದು ಕೊಳವೆ ಇಟ್ಟು, ಅದಕ್ಕೊಂದು ಡಬ್ಬಿ ಸಿಕ್ಕಿಸಿ ಮನೆಗೆ ಕಳಿಸುತ್ತಾರೆ. ದಿನಾ ಎಷ್ಟು ಮಿಲಿ ಬಂತು ಅಂತ ಬರೆದಿಡಲು ಹೇಳುತ್ತಾರೆ. ಮೊದಲ ದಿನ ಡಬ್ಬಿಗೆ ಬೀಳುವುದು ಕೆಂಪು. ಮಾರನೇ ದಿನಗಳಲ್ಲಿ ನಸುಗೆಂಪು. ಆಮೇಲೆ ಕೆಂಪು ಹೋಗಿ ಬರೀ ಜೇನಿನ ಬಣ್ಣದ ನೀರು. ಅದರಲ್ಲಿ ಕತ್ತರಿಸಿದ ನಾಳಗಳ ದುಗ್ಧರಸವೂ ಇದೆ, ಗಾಯದಿಂದ ಒಸರುವ ದ್ರವವೂ ಇದೆ. ಬಣ್ಣ ತಿಳಿಯಾದ ಮೇಲೂ ನಿಲ್ಲುವುದಿಲ್ಲವಲ್ಲ ಅಂತ ಮನೆಯವರಿಗೆ ಗಾಬರಿ. ರಕ್ತ ತನ್ನ ತೂತುಗಳನ್ನು ಮೊದಲ ದಿನವೇ ಮುಚ್ಚಿಕೊಂಡಿದೆ. ದುಗ್ಧರಸಕ್ಕೆ ಅದೇ ಕೆಲಸಕ್ಕೆ ಒಂದು ವಾರ ಬೇಕು, ಕೆಲವರಿಗೆ ಎರಡು. ದಿನಕ್ಕೆ 30 ಮಿಲಿಯ ಆಸುಪಾಸಿಗೆ ಇಳಿದಾಗ ಸಾಮಾನ್ಯವಾಗಿ ಕೊಳವೆ ತೆಗೆಯುತ್ತಾರೆ.